ಗಡಿಯಾಚೆಗೆ ಕೊಟ್ಟ ಹೆಣ್ಣು

ವಲಸೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕೂಲಿಯ ಲೆಕ್ಕವನ್ನು ಬರೆದಿದ್ದಾರೆ. ಹೋದವರು ಎಷ್ಟು ಮಂದಿ, ಯಾವ ಗಿರಣಿಗೆ, ಎಷ್ಟು ಸಂಬಳಕ್ಕೆ ಎಂಬುದು ಅಲ್ಲಿ ದೊರೆಯುತ್ತದೆ. ಹೋದವನ ಹೆಂಡತಿ ಎಲ್ಲಿದ್ದಳು, ಮಕ್ಕಳನ್ನು ಯಾರು ಸಾಕಿದರು, ಆ ಮಕ್ಕಳ ಮದುವೆ ಎಲ್ಲಿ ನಡೆಯಿತು ಎಂಬುದು ಅಲ್ಲಿ ದೊರೆಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯ ಹಿರಿಯ ಹೆಣ್ಣುಮಕ್ಕಳನ್ನೇ ಕೇಳಬೇಕು.

ನಮ್ಮ ಈ ಸೀಮೆ ಮಳೆಯನ್ನು ನಂಬಿದ ಎರೆಭೂಮಿ. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುವುದು ಹಿಂದಿನಿಂದ ಬಂದದ್ದು. 1860ರಲ್ಲಿ ಸೊಲ್ಲಾಪುರಕ್ಕೆ ಬಂದ ರೈಲು 1871ರಲ್ಲಿ ಕಲಬುರಗಿಯನ್ನು ಹಾಯ್ದು ರಾಯಚೂರನ್ನು ಮುಟ್ಟಿತು. 1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ನೂಲಿನ ಗಿರಣಿ ಎದ್ದಿತು. ಅಲ್ಲಿಂದ ಮುಂದೆ ಗುಳೆಗೆ ಒಂದು ಗೊತ್ತಾದ ದಾರಿಯೂ ಒಂದು ಗೊತ್ತಾದ ಊರೂ ದೊರೆತಂತಾಯಿತು. ಆಗ ಆಳಂದ ನಿಜಾಮನದು, ಪಕ್ಕದ ಅಕ್ಕಲಕೋಟೆ ಬೇರೊಂದು ಸಂಸ್ಥಾನ, ಸೊಲ್ಲಾಪುರ ಬ್ರಿಟಿಷರದು. ಒಂದು ದಿನದ ಪ್ರಯಾಣದಲ್ಲಿ ಮೂರು ದೊರೆತನಗಳನ್ನು ದಾಟಬೇಕು. ನಾಣ್ಯ ಕೂಡ ಬೇರೆ. ಗಿರಣಿಯವನು ಕಳುಹಿಸಿದ ಆರು ಕಲ್ದಾರ ರೂಪಾಯಿಗೆ ಇಲ್ಲಿ ಸುಮಾರು ಏಳು ಹಾಲಿ ರೂಪಾಯಿ ಬರುತ್ತಿತ್ತು. ಆದರೆ ಈ ಮೂರು ಸೀಮೆಗಳಲ್ಲಿಯೂ ನಡೆಯುವ ಒಂದು ನಾಣ್ಯವಿತ್ತು, ಅದು ಬೀಗತನ.

ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ನನ್ನ ತಾಯಿಯ ತಾಯಿ ಅಕ್ಕಲಕೋಟೆಯ ಕಡೆಯ ಹೆಣ್ಣು. ಆಳಂದದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದವಳು. ತನ್ನ ಕಿರಿಯ ಮಗಳನ್ನು ಸೊಲ್ಲಾಪುರದ ಗಿರಣಿಯಲ್ಲಿದ್ದ ತನ್ನ ತಮ್ಮನಿಗೇ ಕೊಟ್ಟಳು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. 1955ರ ಹಿಂದೂ ವಿವಾಹ ಕಾಯಿದೆಯೂ ರೂಢಿ ಇದ್ದಲ್ಲಿ ಇಂಥ ಸಂಬಂಧಕ್ಕೆ ಅವಕಾಶ ಕೊಟ್ಟಿತು. ಪರಊರಿನಲ್ಲಿ ದುಡಿಯುವವನಿಗೆ ಹೆಣ್ಣು ಕೊಡಲು ಹೆದರುವವರು ಸ್ವಂತ ತಮ್ಮನಿಗೆ ಕೊಡಲು ಹೆದರುತ್ತಿರಲಿಲ್ಲ. ರಜಾಕಾರರ ಹಾವಳಿಯ ದಿನಗಳಲ್ಲಿ ನಿಜಾಮ ಸೀಮೆಯ ಎಷ್ಟೋ ಸಂಸಾರಗಳು ಗಡಿ ದಾಟಿ ಹೋದಾಗ ಅವರಿಗೆ ಅನ್ನ ಇಕ್ಕಿದವರು ಇಂಥ ಬೀಗರೇ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಆಳಂದ ಮೈಸೂರು ರಾಜ್ಯಕ್ಕೆ ಬಂದಿತು. ಅಕ್ಕಲಕೋಟೆ, ಸೊಲ್ಲಾಪುರಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದವು. ನೆರೆಯವರು, "ನಿನ್ನ ಮಗಳು ಪರರಾಜ್ಯದಾಕಿ ಆದಳಲ್ಲವ್ವಾ" ಎಂದರಂತೆ. ಅಜ್ಜಿ, "ಮಗಳ್ನ ಕೊಟ್ಟ ಊರು ಪರದೇಶ ಆಗೂದಿಲ್ಲ ಬಿಡವ್ವಾ" ಎಂದಳಂತೆ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯನ್ನು ನಮ್ಮ ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿದರೂ ಅದು ಜಾರಿಗೆ ಬರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 1948ರ ಜೂನ್‌ನಲ್ಲಿ 'ಎಂಪೈರ್ ವಿಂಡ್‌ರಷ್' ಹಡಗಿನಿಂದ ಇಂಗ್ಲೆಂಡಿನಲ್ಲಿ ಇಳಿದ ವೆಸ್ಟ್ ಇಂಡೀಸಿನವರೂ, ಅವರ ಹಿಂದೆ ಬಂದ ಸಹಸ್ರಾರು ಮಂದಿಯೂ ಇದೇ ಬಾಳನ್ನು ಬಾಳಿದರು. ಅವರಲ್ಲಿ ಅನೇಕರು ಮಕ್ಕಳನ್ನು ಜಮೈಕಾ, ಬಾರ್ಬಡೋಸ್‌ಗಳಲ್ಲಿ ಅಜ್ಜಿಯರ ಮಡಿಲಲ್ಲಿ ಬಿಟ್ಟು ಹೋಗಿದ್ದರು. 1962ರ ವಲಸೆ ಕಾಯಿದೆ ಬಾಗಿಲನ್ನು ಕಿರಿದು ಮಾಡಿತು. ವರ್ಷಗಳ ಮೇಲೆ ಕರೆಸಿಕೊಂಡಾಗ ಎಷ್ಟೋ ಮಕ್ಕಳಿಗೆ ತಾಯಿಯೇ ಅಪರಿಚಿತಳಾಗಿದ್ದಳು. 1972ರ ಬರದಲ್ಲಿಯೂ ಅದರ ಮುಂದೆಯೂ ಮುಂಬಯಿ, ಪುಣೆಗಳ ಕಟ್ಟಡ ಕೆಲಸಕ್ಕೆ ಹೋದ ನಮ್ಮ ಹಳ್ಳಿಗಳ, ತಾಂಡಾಗಳ ಮನೆಗಳಲ್ಲಿಯೂ ಉಳಿದವರು ಅಜ್ಜಿ ಮತ್ತು ಮೊಮ್ಮಕ್ಕಳು. ಜೇವರ್ಗಿಯ ಕಡೆಯಿಂದ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಗಳಲ್ಲಿ ಅಂಥವರನ್ನು ನಾನು ಕಂಡಿದ್ದೇನೆ. ತಾಯಿಯ ಕುರಿತು ಪ್ರಬಂಧ ಬರೆಯಿರೆಂದರೆ ಅವರು ಅಜ್ಜಿಯ ಕುರಿತು ಬರೆಯುತ್ತಿದ್ದರು.

ಸೊಲ್ಲಾಪುರದಲ್ಲಿ ಪ್ರತಿ ಸಂಕ್ರಾಂತಿಗೆ ಸಿದ್ಧರಾಮನ ಯೋಗದಂಡಕ್ಕೆ ಮದುವೆ ನಡೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ವಚನ ನುಡಿದ ಆ ಶರಣನ ಜಾತ್ರೆಗೆ ನಾವು ತಪ್ಪದೆ ಹೋಗುತ್ತಿದ್ದೆವು. ಅಕ್ಷತೆಯ ದಿನ ಚಿಕ್ಕಮ್ಮನ ಮನೆಯಲ್ಲಿ ನಿಲ್ಲಲು ಸ್ಥಳವಿರುತ್ತಿರಲಿಲ್ಲ. ಮುಂದಿನ ವರ್ಷದ ಹೆಣ್ಣುಗಂಡುಗಳ ಮಾತುಕತೆಯೂ ಅಲ್ಲಿಯೇ ನಡೆಯುತ್ತಿತ್ತು. ಕ್ರಮೇಣ ಮಾತುಕತೆ ಮರಾಠಿಗೆ ತಿರುಗಿತು. ಸಂಬಂಧಗಳೂ ಆ ಕಡೆಗೇ ಬೆಳೆದವು.

1990ರಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಚಿಕ್ಕಮ್ಮ ತನ್ನ ಎಂಟು ವರ್ಷದ ಮೊಮ್ಮಗನನ್ನು ಕರೆತಂದಳು. ಅಜ್ಜಿ ಅವನ ಕೈ ಹಿಡಿದು, "ಉಂಡಿಯೇನೋ ಅಪ್ಪಾ?" ಎಂದಳು. ಹುಡುಗ ತಿಳಿಯದೆ ನನ್ನ ಮುಖ ನೋಡಿದ. ನಾನು ಮರಾಠಿಯಲ್ಲಿ ಹೇಳಿದೆ; ಅವನ ಉತ್ತರವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಕನ್ನಡ ಕಲಿಸುವುದೇ ವೃತ್ತಿಯಾಗಿದ್ದ ನಾನು ನಮ್ಮ ಮನೆಯೊಳಗೇ ದುಭಾಷಿಯಾದೆ. ಮೂರು ದೊರೆತನಗಳಿಂದಲೂ ತುಂಡಾಗದ ನಂಟು ಎಲ್ಲಿ ಸಡಿಲಿತೆಂಬುದು ನನಗೆ ತಿಳಿದದ್ದು ಅಂದು.

2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಸಾವಿರಾರು ಮಂದಿ ನಮ್ಮ ಜಿಲ್ಲೆಗೆ ಮರಳಿ, ಶಾಲೆಗಳಲ್ಲಿ ದಿಗ್ಬಂಧನದಲ್ಲಿದ್ದರು. ಅವರ ಸಂಖ್ಯೆಯನ್ನು ಪತ್ರಿಕೆಗಳು ದಿನವೂ ಅಚ್ಚು ಮಾಡಿದವು. ಆ ಶಾಲೆಗಳ ಗೇಟಿನ ಹೊರಗೆ ರೊಟ್ಟಿಗಂಟು ಹಿಡಿದು ನಿಂತ ಮುದುಕಿಯರನ್ನು ಮಾತ್ರ ಯಾರೂ ಎಣಿಸಲಿಲ್ಲ. ನಮ್ಮ ವಲಸೆಯ ಇತಿಹಾಸವನ್ನು ಬರೆಯುವವರು ಮೊದಲು ಅವರ ಬಳಿಗೆ ಹೋಗಲಿ.