ಸ್ಯಾಟರರು, ವಿಡಂಬನೆ ಮತ್ತು ಸಾಕ್ರಟೀಸ್

ಬಿ.ಎಂ. ಶ್ರೀಕಂಠಯ್ಯನವರ ‘ಪಾರಸಿಕರು’ ಕೃತಿಯ ಮೂಲಕ ಕನ್ನಡಕ್ಕೆ ಬಂದ ಈಸ್ಕಿಲಸ್ಸನ ರುದ್ರನಾಟಕವು ಆಥೆನ್ಸಿನಲ್ಲಿ ಕ್ರಿ.ಪೂ. 472ರಲ್ಲಿ ರಂಗವೇರಿತು. ಸೋತ ಶತ್ರುವಿನ ಅರಮನೆಯ ಗೋಳನ್ನು ಗೆದ್ದವರ ಎದುರಿನಲ್ಲಿಯೇ ಕೇಳಿಸಿದ ಅಪೂರ್ವ ಕೃತಿಯದು. ಆದರೆ ಅಂದಿನ ಪ್ರೇಕ್ಷಕರು ಆ ಗೋಳನ್ನಷ್ಟೇ ಮನಸ್ಸಿನಲ್ಲಿ ತುಂಬಿಕೊಂಡು ಮನೆಗೆ ಮರಳಲಿಲ್ಲ. ಈಸ್ಕಿಲಸ್ ಆ ಬಾರಿ ಸ್ಪರ್ಧೆಗಿತ್ತ ನಾಲ್ಕು ನಾಟಕಗಳಲ್ಲಿ ಕೊನೆಯದು ಪ್ರೊಮಿಥ್ಯೂಸನನ್ನು ಕುರಿತದ್ದು. ಅದು ಸ್ಯಾಟರ್ ನಾಟಕ. ಪ್ಲುಟಾರ್ಕ್ ಒಂದೆಡೆ ಒಂದು ಪ್ರಸಂಗವನ್ನು ನೆನೆಯುತ್ತಾನೆ: ಬೆಂಕಿಯನ್ನು ಮೊದಲ ಬಾರಿಗೆ ಕಂಡ ಸ್ಯಾಟರನೊಬ್ಬ ಅದನ್ನು ಅಪ್ಪಿ ಮುದ್ದಿಡಲು ಹೋಗುತ್ತಾನೆ, ಗಡ್ಡ ಸುಟ್ಟುಹೋದೀತೆಂದು ಪ್ರೊಮಿಥ್ಯೂಸ್ ಅವನನ್ನು ಎಚ್ಚರಿಸುತ್ತಾನೆ. ಈ ತುಣುಕು ಆ ನಾಟಕದ್ದೇ ಇರಬೇಕೆಂದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ.

ಸ್ಯಾಟರರು ಡಯೊನೈಸಸ್ ದೇವತೆಯ ಪರಿವಾರದವರು. ಮನುಷ್ಯದೇಹಕ್ಕೆ ಕುದುರೆಯ ಕಿವಿ ಮತ್ತು ಬಾಲ, ಚಪ್ಪಟೆ ಮೂಗು, ಒರಟು ಗಡ್ಡ; ಮದ್ಯ, ಕಾಮ, ಕುಣಿತಗಳಲ್ಲಿ ತೀರದ ಆಸಕ್ತಿ, ಅಪಾಯ ಕಂಡರೆ ಕಾಲಿಗೆ ಬುದ್ಧಿ. ಅವರ ಮುದಿ ತಂದೆ ಸೈಲೀನಸ್. ಕ್ರಿ.ಪೂ. ಐದನೆಯ ಶತಮಾನದ ಬಹುಭಾಗದಲ್ಲಿ ಡಯೊನೈಸಸ್ ಉತ್ಸವಕ್ಕೆ ಆಯ್ಕೆಯಾದ ಪ್ರತಿಯೊಬ್ಬ ಕವಿಯೂ ಮೂರು ರುದ್ರನಾಟಕಗಳ ಜೊತೆಗೆ ಈ ಸ್ಯಾಟರರನ್ನೇ ಮೇಳವಾಗುಳ್ಳ ಒಂದು ನಾಟಕವನ್ನು ಒಪ್ಪಿಸಬೇಕಾಗಿತ್ತು. ಸಂಸ್ಕೃತ ನಾಟಕದಲ್ಲಿ ವಿದೂಷಕನು ನಾಯಕನ ಮಗ್ಗುಲಲ್ಲಿಯೇ ಕುಳಿತು ನಗಿಸುತ್ತಾನೆ. ಗ್ರೀಕರು ನಗೆಯನ್ನು ಹಾಗೆ ದುಃಖದೊಡನೆ ಬೆರೆಸದೆ, ದುಃಖ ಮುಗಿದ ಮೇಲೆ ಅದಕ್ಕೆ ಪ್ರತ್ಯೇಕ ಸ್ಥಾನವನ್ನಿತ್ತರು. ಆದರೂ ಅದನ್ನು ಬರೆಯುತ್ತಿದ್ದವನು ರುದ್ರಕವಿಯೇ ಹೊರತು ಹರ್ಷನಾಟಕಕಾರನಲ್ಲ ಎಂಬುದನ್ನು ಮರೆಯಬಾರದು.

ಈ ಪ್ರಕಾರದಲ್ಲಿ ಸಂಪೂರ್ಣವಾಗಿ ಉಳಿದಿರುವುದು ಯೂರಿಪಿಡೀಸನ ‘ಸೈಕ್ಲಾಪ್ಸ್’ ಒಂದೇ. ಸಾಫೊಕ್ಲೀಸನ ‘ಇಖ್ನ್ಯೂಟೈ’, ಎಂದರೆ ಜಾಡು ಹಿಡಿಯುವವರು, ಈಜಿಪ್ಟಿನ ಆಕ್ಸಿರಿಂಕಸ್ಸಿನ ಮಣ್ಣಿನಲ್ಲಿ ದೊರೆತ ಪಪೈರಸ್ಸಿನಿಂದ 1912ರಲ್ಲಿ ಭಾಗಶಃ ಬೆಳಕು ಕಂಡಿತು. ಅಪೊಲೋವಿನ ಕಳವಾದ ದನಗಳನ್ನು ಹುಡುಕುತ್ತ ಸ್ಯಾಟರರು ನಾಯಿಗಳಂತೆ ನೆಲ ಮೂಸುತ್ತ ಹೊರಡುತ್ತಾರೆ. ಆಗ ಎಲ್ಲಿಂದಲೋ ಕೇಳರಿಯದ ಒಂದು ನಾದ ಏಳುತ್ತದೆ, ಎಲ್ಲರೂ ನಡುಗುತ್ತಾರೆ. ಅದು ಶಿಶುವಾದ ಹರ್ಮೀಸ್ ಆಮೆಯ ಚಿಪ್ಪಿನಿಂದ ಆಗಷ್ಟೇ ಮಾಡಿದ ಲೈರ್ ವಾದ್ಯದ ಧ್ವನಿ. ಅಲ್ಲಿ ಬೆಂಕಿ, ಇಲ್ಲಿ ಸಂಗೀತ. ನಾಗರಿಕತೆಯ ವಸ್ತುಗಳನ್ನು ಮೊತ್ತಮೊದಲು ಕಾಣುವ, ಕೇಳುವ ಪೆದ್ದುತನದ ಕಣ್ಣು ಕಿವಿಗಳು ಸ್ಯಾಟರರವು. ಬೆರಗೇ ತತ್ತ್ವಶಾಸ್ತ್ರದ ಮೊದಲೆಂದು ಪ್ಲೇಟೋವಿನ ‘ಥಿಯಟೀಟಸ್’ ಸಂವಾದದಲ್ಲಿ ಸಾಕ್ರಟೀಸ್ ಹೇಳುತ್ತಾನೆ. ಆ ಬೆರಗಿನ ಒರಟು ಪೂರ್ವರೂಪವು ರಂಗದ ಮೇಲೆ ಬಾಲ ಅಲ್ಲಾಡಿಸುತ್ತ ಆಗಲೇ ಕುಣಿದಿತ್ತು ಎನ್ನುವುದು ಅತಿಶಯೋಕ್ತಿಯೇನೂ ಅಲ್ಲ.

ಇನ್ನು ಹೆಸರಿನ ಮಾತು. ಇಂಗ್ಲಿಷಿನ ‘ಸ್ಯಾಟೈರ್’ ಈ ‘ಸ್ಯಾಟರ್’ನಿಂದಲೇ ಹುಟ್ಟಿತೆಂಬ ನಂಬಿಕೆ ಬಹುಕಾಲ ಆಳಿತು. ಕ್ರಿ.ಶ. ನಾಲ್ಕನೆಯ ಶತಮಾನದ ರೋಮನ್ ವೈಯಾಕರಣ ಡಯೊಮೀಡೀಸನು ಆ ಪದಕ್ಕೆ ಕೊಡುವ ಹಲವು ನಿಷ್ಪತ್ತಿಗಳಲ್ಲಿ ಇದೂ ಒಂದು. ವಾಸ್ತವದಲ್ಲಿ ಅದು ಲ್ಯಾಟಿನ್ನಿನ ‘ಸತುರ’. ತುಂಬಿದ್ದು, ಬೆರಕೆಯಾದದ್ದು ಎಂಬ ಅರ್ಥದ ಪದ. ಬಗೆಬಗೆಯ ಫಲಗಳನ್ನು ತುಂಬಿ ದೇವರಿಗೆ ಒಪ್ಪಿಸುವ ಹರಿವಾಣದೊಡನೆ ಅದನ್ನು ಪ್ರಾಚೀನರು ಜೋಡಿಸಿದ್ದರು. ಈ ಕಾವ್ಯಪ್ರಕಾರ ಸಂಪೂರ್ಣವಾಗಿ ತಮ್ಮದೇ ಎಂದು ರೋಮನ್ನರ ಪರವಾಗಿ ಕ್ವಿಂಟಿಲಿಯನ್ ಹೆಮ್ಮೆಪಟ್ಟದ್ದೂ ಉಂಟು. ಐಸಾಕ್ ಕಸಾಬೋನ್ 1605ರಲ್ಲಿ ಗ್ರಂಥವೊಂದನ್ನು ಬರೆದು ಗ್ರೀಕರ ಸ್ಯಾಟರ್ ನಾಟಕವೂ ರೋಮನ್ನರ ಸತುರವೂ ಬೇರೆ ಬೇರೆಯೆಂದು ತೋರಿಸಿದ.

ಅಷ್ಟರಲ್ಲಿ ಆ ತಪ್ಪು ತನ್ನ ಕೆಲಸವನ್ನು ಮಾಡಿಯಾಗಿತ್ತು. ವಿಡಂಬನೆಯನ್ನು ಆಡುವವನು ಕಾಡಿನ ಸ್ಯಾಟರ್ ಎಂದಾದ ಮೇಲೆ ಅವನ ಮಾತು ಒರಟಾಗಿಯೂ ಅಸ್ಪಷ್ಟವಾಗಿಯೂ ಅಶ್ಲೀಲವಾಗಿಯೂ ಇರಬೇಕಷ್ಟೆ! ಎಲಿಜಬೆತ್ ರಾಣಿಯ ಕಾಲದ ಇಂಗ್ಲಿಷ್ ವಿಡಂಬನಕಾರರು, ಮುಖ್ಯವಾಗಿ ಜಾನ್ ಮಾರ್ಸ್ಟನ್, ಈ ಒರಟುತನವನ್ನು ವ್ರತದಂತೆ ಪಾಲಿಸಿದರು. 1599ರ ಜೂನ್ ತಿಂಗಳಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಟ್‌ಗಿಫ್ಟ್ ಮತ್ತು ಲಂಡನ್ನಿನ ಬಿಷಪ್ ಬ್ಯಾಂಕ್ರಾಫ್ಟ್ ಇನ್ನು ಮುಂದೆ ವಿಡಂಬನ ಕಾವ್ಯಗಳನ್ನು ಮುದ್ರಿಸಕೂಡದೆಂದು ಆಜ್ಞೆ ಹೊರಡಿಸಿದರು. ಮಾರ್ಸ್ಟನ್ನನ ಪುಸ್ತಕಗಳು ಬೆಂಕಿಗೆ ಬಿದ್ದವು. ಪದನಿಷ್ಪತ್ತಿಯೊಂದೇ ಇದಕ್ಕೆ ಕಾರಣವಲ್ಲ, ನಿಜ; ಆದರೆ ಸುಟ್ಟ ಪುಟಗಳ ಶೈಲಿಯಲ್ಲಿ ಅದರ ಪಾಲಿತ್ತು.

ಪದ ಬೇರೆಯಾದರೂ ಮನೋಧರ್ಮದ ನಂಟು ಸುಳ್ಳಲ್ಲ. ರೋಮಿನ ಆದ್ಯ ವಿಡಂಬನಕವಿ ಲುಸಿಲಿಯಸ್ಸನ ಮೂಲವನ್ನು ಹೊರೇಸನು ಆಥೆನ್ಸಿನ ಹಳೆಯ ಹರ್ಷನಾಟಕದಲ್ಲಿ, ಎಂದರೆ ಯೂಪೊಲಿಸ್, ಕ್ರಾಟಿನಸ್, ಅರಿಸ್ಟೋಫೇನೀಸರಲ್ಲಿ ಗುರುತಿಸುತ್ತಾನೆ. ಬದುಕಿರುವವರನ್ನು ಹೆಸರು ಹಿಡಿದು ಹಳಿಯುವ ಸ್ವಾತಂತ್ರ್ಯ ಅವರದಾಗಿತ್ತು. ಆ ಸ್ವಾತಂತ್ರ್ಯದ ಬೆಲೆಯನ್ನು ತೆತ್ತವರಲ್ಲಿ ಸಾಕ್ರಟೀಸನೂ ಒಬ್ಬ. ಕ್ರಿ.ಪೂ. 423ರಲ್ಲಿ ಪ್ರಯೋಗಗೊಂಡ ಅರಿಸ್ಟೋಫೇನೀಸನ ‘ಮೋಡಗಳು’ ನಾಟಕದಲ್ಲಿ ಅವನು ಬುಟ್ಟಿಯಲ್ಲಿ ಜೋತುಬಿದ್ದು ಆಕಾಶವನ್ನು ಪರೀಕ್ಷಿಸುವ, ದುರ್ಬಲ ವಾದವನ್ನು ಗೆಲ್ಲಿಸುವುದು ಹೇಗೆಂದು ಹಣಕ್ಕಾಗಿ ಕಲಿಸುವ ಮೋಸಗಾರ. ಸ್ಪರ್ಧೆಯಲ್ಲಿ ನಾಟಕ ಸೋತಿತು. ಆದರೆ ಅದು ಕಟ್ಟಿದ ಚಿತ್ರ ಸೋಲಲಿಲ್ಲ. ಇಪ್ಪತ್ತನಾಲ್ಕು ವರ್ಷಗಳ ಬಳಿಕ, ಕ್ರಿ.ಪೂ. 399ರ ವಿಚಾರಣೆಯಲ್ಲಿ, ತನ್ನ ಮೇಲೆ ದೂರಿತ್ತವರಿಗಿಂತ ಹಿಂದಿನ ಆರೋಪಿಗರೇ ಹೆಚ್ಚು ಅಪಾಯಕಾರಿಗಳೆಂದೂ, ಅವರಲ್ಲಿ ಹೆಸರಿಟ್ಟು ಹೇಳಬಹುದಾದವನು ಒಬ್ಬ ನಾಟಕಕಾರನೆಂದೂ ಪ್ಲೇಟೋ ಚಿತ್ರಿಸಿದ ಸಾಕ್ರಟೀಸ್ ನ್ಯಾಯಾಧಿಕಾರಿಗಳಿಗೆ ತಿಳಿಸುತ್ತಾನೆ. ಅವರು ಬಾಲ್ಯದಲ್ಲಿ ನಕ್ಕ ನಗೆ ಆ ಹೊತ್ತಿಗೆ ಸಾಕ್ಷ್ಯವಾಗಿ ಹೆಪ್ಪುಗಟ್ಟಿತ್ತು.

ಪ್ಲೇಟೋ ಇದಕ್ಕಾಗಿ ಅರಿಸ್ಟೋಫೇನೀಸನನ್ನು ದ್ವೇಷಿಸಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ‘ಸಿಂಪೋಸಿಯಮ್’ ಸಂವಾದದಲ್ಲಿ ಅವನು ಆ ಕವಿಯನ್ನು ಸಾಕ್ರಟೀಸನ ಜೊತೆಯ ಅತಿಥಿಯನ್ನಾಗಿಸಿ, ಪ್ರೇಮವನ್ನು ಕುರಿತ ಅತ್ಯಂತ ಮನೋಹರ ಕಥೆಯೊಂದನ್ನು ಅವನ ಬಾಯಲ್ಲಿ ಹೇಳಿಸುತ್ತಾನೆ. ಅಲ್ಲಿಗೆ ಕುಡಿದು ಬರುವ ಆಲ್ಸಿಬಿಯಾಡೀಸ್ ಸಾಕ್ರಟೀಸನನ್ನು ಸೈಲೀನಸ್ಸಿಗೂ ಸ್ಯಾಟರನಾದ ಮಾರ್ಸಿಯಸ್ಸಿಗೂ ಹೋಲಿಸುತ್ತಾನೆ: ಶಿಲ್ಪಿಗಳ ಅಂಗಡಿಯಲ್ಲಿ ಕಾಣುವ ಸೈಲೀನಸ್ ಬೊಂಬೆಗಳು ಹೊರಗೆ ವಿಕಾರ, ತೆರೆದರೆ ಒಳಗೆ ದೇವವಿಗ್ರಹಗಳು. ಸಾಕ್ರಟೀಸನ ಮಾತೂ ಹಾಗೆಯೇ. ಮೇಲೆ ಕತ್ತೆ, ಕಮ್ಮಾರ, ಚಮ್ಮಾರರ ಉದಾಹರಣೆ, ಕೇಳುವವನಿಗೆ ನಗು. ಅರಿಸ್ಟೋಫೇನೀಸ್ ಕಂಡದ್ದು ಹೊರಗಿನ ಬೊಂಬೆಯನ್ನು; ಪ್ಲೇಟೋ ಅದನ್ನು ಅಲ್ಲಗಳೆಯದೆ ತೆರೆದು ತೋರಿಸಿದ. ಇದಕ್ಕಿಂತ ಸಮರ್ಥವಾದ ಉತ್ತರ ವಿಡಂಬನೆಗೆ ದೊರೆತ ನಿದರ್ಶನ ವಿರಳ. ಆಲ್ಸಿಬಿಯಾಡೀಸನ ಭಾಷಣ ಮುಗಿದೊಡನೆ ಸಾಕ್ರಟೀಸನು ಅದನ್ನೇ ಒಂದು ಸ್ಯಾಟರ್ ನಾಟಕವೆಂದು ತಮಾಷೆ ಮಾಡುತ್ತಾನೆ.

ಬೆಳಗಿನ ಜಾವಕ್ಕೆ ಎಚ್ಚರವಿದ್ದವರು ಮೂವರು: ರುದ್ರಕವಿ ಅಗಥಾನ್, ಅರಿಸ್ಟೋಫೇನೀಸ್, ಸಾಕ್ರಟೀಸ್. ರುದ್ರನಾಟಕವನ್ನೂ ಹರ್ಷನಾಟಕವನ್ನೂ ಒಬ್ಬನೇ ಬರೆಯಬಲ್ಲವನಾಗಿರಬೇಕೆಂದು ಸಾಕ್ರಟೀಸ್ ಅವರಿಬ್ಬರನ್ನೂ ಒಪ್ಪಿಸುತ್ತಿದ್ದ. ಅವರು ತೂಕಡಿಸುತ್ತ ಹೂಂಗುಟ್ಟುತ್ತಿದ್ದರು. ಮೊದಲು ಅರಿಸ್ಟೋಫೇನೀಸನಿಗೆ ನಿದ್ದೆ ಹತ್ತಿತು. ಬೆಳಕು ಹರಿಯುವಾಗ ಅಗಥಾನನಿಗೆ. ಸಾಕ್ರಟೀಸ್ ಎದ್ದು ಲೈಸಿಯಮ್ಮಿಗೆ ಹೋಗಿ ಮೈತೊಳೆದುಕೊಂಡು, ಎಂದಿನಂತೆ ಹಗಲನ್ನು ಕಳೆದು, ಸಂಜೆಗೆ ಮನೆಗೆ ಹೋದ.