ಎದೆನೋವಿನವರಿಗೆ ಕೇಳದ ಪ್ರಶ್ನೆ

ಮಗ ಹೋದ ಮೇಲೆ ಕೊರಗಿ ಕೊರಗಿ ಎದೆ ಒಡೆದು ಸತ್ತರು ಎಂದು ನಮ್ಮೂರುಗಳಲ್ಲಿ ಹೇಳುವಾಗ ಯಾರೂ ಪುರಾವೆ ಕೇಳುವುದಿಲ್ಲ. ವೈದ್ಯಶಾಸ್ತ್ರ ಕೇಳಿತು. ಉತ್ತರ ಹುಡುಕಿದವರಲ್ಲಿ ಬೆಂಗಳೂರಿನವರೂ ಇದ್ದರು.

1996ರಲ್ಲಿ ಸೇಂಟ್ ಜಾನ್ಸ್‌ನ ಡಾ. ಪ್ರೇಮ್ ಪೈಸ್, ಕೆನಡಾದ ಸಲೀಂ ಯೂಸುಫ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಂಗಳೂರಿನಲ್ಲಿ ಮೊದಲ ಬಾರಿ ಹೃದಯಾಘಾತವಾದ 200 ಮಂದಿಯನ್ನು ಆಗದ 200 ಮಂದಿಯ ಜೊತೆ ಹೋಲಿಸಿದ್ದರು. ಹೊರಬಂದ ಮುಖ್ಯ ಕಾರಣಗಳು ಬೀಡಿ-ಸಿಗರೇಟು, ರಕ್ತದೊತ್ತಡ, ಸಕ್ಕರೆ, ಹೊಟ್ಟೆಯ ಬೊಜ್ಜು. ಮನಸ್ಸು ಆ ಪಟ್ಟಿಯಲ್ಲಿರಲಿಲ್ಲ.

ಅಷ್ಟರಲ್ಲಾಗಲೇ ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ತಂಡ ಬೇರೊಂದು ದಾರಿ ಹಿಡಿದಿತ್ತು. ಹೃದಯಾಘಾತವಾಗಿ ಆಸ್ಪತ್ರೆಯಲ್ಲಿದ್ದ 222 ಮಂದಿಯನ್ನು ಮಾತಾಡಿಸಿ, ಆರು ತಿಂಗಳು ಅವರ ಜಾಡು ಹಿಡಿದರು. ಹೃದಯಕ್ಕಾದ ಹಾನಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಖಿನ್ನತೆ ಇದ್ದವರಲ್ಲಿ ಸಾವಿನ ಅಪಾಯ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಅದು ವರದಿಯಾದದ್ದು 1993ರಲ್ಲಿ.

2004ರ ‘ಇಂಟರ್‌ಹಾರ್ಟ್’ 52 ದೇಶಗಳ ಅಧ್ಯಯನ. ಯೂಸುಫರದೇ ನೇತೃತ್ವ, ಭಾರತದ ಕಡೆಯಿಂದ ಮತ್ತೆ ಸೇಂಟ್ ಜಾನ್ಸ್. ಈ ಸಲ ಸೊಂಟದ ಅಳತೆಯ ಜೊತೆಗೆ ಒಂದು ಪ್ರಶ್ನೆಯೂ ಇತ್ತು: ಕಳೆದ ವರ್ಷದಲ್ಲಿ ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿತ್ತೇ? ಹೃದಯಾಘಾತವಾದವರಲ್ಲಿ ಶೇ. 24ರಷ್ಟು ಮಂದಿ ಹೌದೆಂದರು, ಆಗದವರಲ್ಲಿ ಶೇ. 17.6. ಆದರೆ ಕೇಳಿದ್ದು ಆಘಾತದ ನಂತರ. ಆಸ್ಪತ್ರೆಯ ಮಂಚದಿಂದ ಹಿಂದಿರುಗಿ ನೋಡಿದವರಿಗೆ ಹೋದ ವರ್ಷ ಇನ್ನಷ್ಟು ಕಪ್ಪಾಗಿ ಕಂಡಿದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ರೋಗಿಗಳನ್ನು ಮುಂದಕ್ಕೆ ಹಿಂಬಾಲಿಸಿದ ಮಾಂಟ್ರಿಯಲ್‌ನ ಸಣ್ಣ ಅಧ್ಯಯನಕ್ಕೇ ನಾನು ಹೆಚ್ಚು ತೂಕ ಕೊಡುತ್ತೇನೆ.

ಹಾಗಾದರೆ ಖಿನ್ನತೆಗೆ ಮದ್ದು ಮಾಡಿದರೆ ಹೃದಯ ಉಳಿಯುತ್ತದೆಯೇ? ಅಮೆರಿಕದಲ್ಲಿ 2,481 ರೋಗಿಗಳ ಮೇಲೆ ನಡೆದ, 2003ರಲ್ಲಿ ವರದಿಯಾದ ಪರೀಕ್ಷೆಯ ಉತ್ತರ ಕಹಿಯಾಗಿತ್ತು. ಆಪ್ತಸಮಾಲೋಚನೆಯಿಂದ ಮನಸ್ಸು ಸ್ವಲ್ಪ ಹಗುರಾಯಿತು. ಸಾವು, ಮರುಕಳಿಸುವ ಆಘಾತ ಕಡಿಮೆಯಾಗಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡರೆ ಹೃದಯ ತಾನೇ ಸರಿಹೋಗುತ್ತದೆ ಎನ್ನುವ ವಾಟ್ಸಾಪ್ ಪಂಡಿತರು ಇದನ್ನು ಹೇಳುವುದಿಲ್ಲ.

ಹೃದಯ ಉಳಿಯಲಿ ಬಿಡಲಿ, ಖಿನ್ನತೆಯೇ ಒಂದು ನರಳಾಟ. ಅದಿರುವವರು ಮಾತ್ರೆ ಬಿಡುತ್ತಾರೆ, ನಡೆಯುವುದು ನಿಲ್ಲಿಸುತ್ತಾರೆ, ಸಿಗರೇಟಿಗೆ ಮರಳುತ್ತಾರೆ. 2008ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೃದ್ರೋಗಿಗಳಿಗೆ ಮೊದಲು ಎರಡೇ ಪ್ರಶ್ನೆ ಕೇಳಿ ಎಂದಿತು: ಈ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ? ಮನಸ್ಸು ಕುಗ್ಗಿದೆಯೇ?

ಬೆಂಗಳೂರಿನಲ್ಲಿ ಹೃದಯಕ್ಕೆ ಜಯದೇವ, ಮನಸ್ಸಿಗೆ ನಿಮ್ಹಾನ್ಸ್. ನಡುವೆ ಕೆಲವೇ ಕಿಲೋಮೀಟರ್. ಎದೆ ಹಿಡಿದುಕೊಂಡು ಬಂದವರು ತಾವಾಗಿ ಎರಡನೆಯ ಬಾಗಿಲು ತಟ್ಟುವುದು ಅಪರೂಪ. ಖಿನ್ನತೆ ಎಂಬುದು ಪುಸ್ತಕದ ಮಾತು, ಅದನ್ನು ಹೇಳಿಕೊಂಡು ಯಾರೂ ಬರುವುದಿಲ್ಲ. ಕೇಳಿದರೆ, “ಏನಿಲ್ಲ ಡಾಕ್ಟ್ರೇ, ಸುಸ್ತು ಅಷ್ಟೆ” ಎನ್ನುತ್ತಾರೆ. ಎರಡನೇ ಸಲ ಕೇಳಿದರೆ, “ಯಾಕೋ ಬೇಜಾರು.”