ಮಧ್ಯಯುಗದ ಇಟಲಿ: ಚರಿತ್ರಕಾರರ ಮೂರು ಶತಮಾನಗಳು

ಸಿಯೆನಾ ನಗರದ ಪತ್ರಾಗಾರದಲ್ಲಿ 1258ನೆಯ ಇಸವಿಯ ಒಂದು ಮರದ ಹಲಗೆಯುಂಟು. ಬಿಕ್ಕೆರ್ನಾ ಎಂದು ಹೆಸರಾದ ನಗರಬೊಕ್ಕಸದ ಲೆಕ್ಕದ ಪುಸ್ತಕಕ್ಕೆ ರಕ್ಷಾಫಲಕವಾಗಿದ್ದ ಆ ಹಲಗೆಯ ಮೇಲೆ ಚಿತ್ರಕಾರನು ಬರೆದಿರುವುದು ಕವಚ ತೊಟ್ಟ ಸರದಾರನನ್ನಲ್ಲ, ನಿಲುವಂಗಿಯ ವರ್ತಕನನ್ನೂ ಅಲ್ಲ. ಸಾನ್ ಗಲ್ಗಾನೋ ಮಠದ ಊಗೋ ಎಂಬ ಸಂನ್ಯಾಸಿಯನ್ನು. ಪ್ರಪಂಚವನ್ನು ತೊರೆದವನು ಪೌರರ ಹಣಕ್ಕೆ ಕೋಶಾಧಿಕಾರಿಯಾಗಿ ಕುಳಿತಿದ್ದಾನೆ. ಬಣಗಳ ಕಾದಾಟದಿಂದ ಬೇಸತ್ತ ನಗರವು, ಹೆಂಡಿರು ಮಕ್ಕಳಿಲ್ಲದ, ಯಾವ ಮನೆತನದ ಹಂಗಿಗೂ ಬೀಳದ ಮಠವಾಸಿಯನ್ನು ನಂಬಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯಪಡಬೇಕಾದುದು ಬೇರೆಯೊಂದಕ್ಕೆ: ಅಂದಿನ ನಗರವಾಸಿಗಳಿಗೆ ತೀರ ಸಹಜವಾಗಿದ್ದ ಈ ಧರ್ಮ ಮತ್ತು ಪೌರಾಡಳಿತಗಳ ಹೊಂದಾಣಿಕೆಯನ್ನು ಗುರುತಿಸುವುದಕ್ಕೆ ಚರಿತ್ರಕಾರರಿಗೆ ಇನ್ನೂರು ವರ್ಷಗಳಿಗೂ ಮಿಕ್ಕು ಕಾಲ ಹಿಡಿಯಿತು.

ಈ ಅಧ್ಯಯನದ ಮೂಲಪುರುಷನು ಲುಡೊವಿಕೊ ಆಂಟೋನಿಯೊ ಮುರಾತೋರಿ (1672–1750). ಪಾದ್ರಿಯೂ ಪಂಡಿತನೂ ಆಗಿ, ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದಲ್ಲಿ ಕೆಲವು ವರ್ಷಗಳಿದ್ದು, 1700ರಲ್ಲಿ ಮೋದೆನದ ಎಸ್ತೆ ದೊರೆಗಳ ಗ್ರಂಥಪಾಲಕನಾದ ಈತನನ್ನು ಮಧ್ಯಯುಗದ ಓಲೆಗಳತ್ತ ತಿರುಗಿಸಿದ್ದು ಶುದ್ಧ ಜಿಜ್ಞಾಸೆಯೊಂದೇ ಅಲ್ಲ, ಒಂದು ವ್ಯಾಜ್ಯ. 1708ರಲ್ಲಿ ಚಕ್ರವರ್ತಿಯ ಸೈನ್ಯವು ಕೊಮಾಕ್ಕಿಯೊ ಎಂಬ ಪಟ್ಟಣವನ್ನು ಹಿಡಿದಾಗ, ಅದು ಪೋಪನದೋ ಎಸ್ತೆ ಮನೆತನದ್ದೋ ಎಂಬ ವಿವಾದವೆದ್ದು, ತನ್ನ ಒಡೆಯನ ಹಕ್ಕನ್ನು ಸಾಧಿಸಿಕೊಡುವ ಹೊಣೆ ಗ್ರಂಥಪಾಲಕನ ತಲೆಯ ಮೇಲೆ ಬಿತ್ತು. ದಸ್ತಾವೇಜುಗಳನ್ನು ಹುಡುಕಹೊರಟವನಿಗೆ ದೊರೆತದ್ದು ಸಾವಿರ ವರ್ಷಗಳ ಒಂದು ಸಮಾಜ. 1723ರಿಂದ ಅಚ್ಚಾಗತೊಡಗಿ ಅವನು ತೀರಿಕೊಂಡ ಮರುವರ್ಷ ಮುಗಿದ ಅವನ ಬೃಹತ್ಸಂಗ್ರಹವು 500ರಿಂದ 1500ರವರೆಗಿನ ಇಟಲಿಯ ವೃತ್ತಾಂತಕಾರರನ್ನೆಲ್ಲ ಒಂದೆಡೆಗೆ ತಂದಿತು. 1738ರಿಂದ 1742ರವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾದ ‘ಮಧ್ಯಯುಗದ ಇಟಲಿಯ ಪ್ರಾಚೀನ ಸಂಗತಿಗಳು’ ಎಂಬರ್ಥದ ಲ್ಯಾಟಿನ್ ಕೃತಿಯಲ್ಲಿ ಎಪ್ಪತ್ತೈದು ಪ್ರಬಂಧಗಳಿದ್ದು, ದಾಸರು, ಸಂತೆಗಳು, ನಾಣ್ಯಗಳು, ಧರ್ಮಶಾಲೆಗಳು ಮುಂತಾದುವೆಲ್ಲ ಅಲ್ಲಿ ವಿಚಾರಿತವಾಗಿವೆ. ಕಟ್ಟಕಡೆಯ ಪ್ರಬಂಧವು ಗೃಹಸ್ಥರ ಭಕ್ತಸಂಘಗಳನ್ನೂ, ತಮ್ಮ ಮೈಯನ್ನು ತಾವೇ ಚಾವಟಿಯಿಂದ ಹೊಡೆದುಕೊಳ್ಳುತ್ತಿದ್ದ ಪ್ರಾಯಶ್ಚಿತ್ತವ್ರತಿಗಳನ್ನೂ ಕುರಿತದ್ದು. ಅರಸರನ್ನೂ ಪೋಪರನ್ನೂ ಬಿಟ್ಟು ಬೀದಿಯ ಜನರ ಧರ್ಮವನ್ನು ಚರಿತ್ರೆಯ ವಸ್ತುವಾಗಿ ಎಣಿಸಿದ ಆ ವಿವೇಕಕ್ಕೆ ತಲೆಬಾಗಬೇಕು. ಆದರೆ ಅವನ ಉತ್ತರಾಧಿಕಾರಿಗಳು ವೃತ್ತಾಂತಗಳ ಸಂಪುಟಗಳನ್ನು ಎತ್ತಿಕೊಂಡು, ಆ ಕಡೆಯ ಪ್ರಬಂಧವನ್ನು ಬಹುಕಾಲ ಹಾಗೆಯೇ ಮುಚ್ಚಿಟ್ಟರು.

ಹೀಗಾದುದಕ್ಕೆ ಹತ್ತೊಂಬತ್ತನೆಯ ಶತಮಾನದ ಉತ್ಸಾಹವೇ ಕಾರಣ. ಜಿನೀವಾದ ಸಿಸ್ಮೊಂದಿಯು 1807ರಿಂದ 1818ರವರೆಗೆ ಹದಿನಾರು ಸಂಪುಟಗಳಲ್ಲಿ ಇಟಲಿಯ ಗಣರಾಜ್ಯಗಳ ಕಥೆಯನ್ನು ಹೇಳಿದಾಗ, ಆ ಕಥೆಗೆ ನಾಯಿಕೆ ಸ್ವಾತಂತ್ರ್ಯಲಕ್ಷ್ಮಿ. ಕೇಡಿಗರ ಪಂಕ್ತಿಯಲ್ಲಿ ಚರ್ಚಿಗೂ ಒಂದು ಸ್ಥಾನ. ಇಟಲಿಯವರ ನೈತಿಕ ಅವನತಿಗೆ ಕ್ಯಾಥೊಲಿಕ್ ಬೋಧನೆಯೂ ಹೊಣೆಯೆಂಬ ಅವನ ಮಾತಿಗೆ 1819ರಲ್ಲಿ ಪ್ರತ್ಯುತ್ತರವಾಗಿ ಒಂದು ಗ್ರಂಥವನ್ನೇ ಬರೆದವನು, ಮುಂದೆ ಕಾದಂಬರಿಕಾರನೆಂದು ಲೋಕಪ್ರಸಿದ್ಧನಾದ ಮಂಜೋನಿ. ವಾದವು ಉದಾತ್ತವಾಗಿಯೇ ನಡೆಯಿತು. ಆದರೆ ಇಬ್ಬರ ಕಣ್ಣೂ ನೆಟ್ಟದ್ದು ತಮ್ಮ ಕಾಲದ ಇಟಲಿಯ ಮೇಲೆ. ಇತ್ತ ಜರ್ಮನಿಯ ಪಂಡಿತರು ಕಮ್ಯೂನ್ ಎಂಬ ಪೌರಸಂಘದ ಹುಟ್ಟನ್ನು ನ್ಯಾಯಶಾಸ್ತ್ರದ ದಾರಿಯಿಂದ ಹುಡುಕಿದರು. ರೋಮನರ ಪುರಾಡಳಿತವು ಅಳಿಯದೆ ಉಳಿದು ಕಮ್ಯೂನಾಗಿ ಚಿಗುರಿತೆಂದು ಸಾವಿಞ್ಞಿ ಬಗೆದನು; ತತ್ತ್ವಜ್ಞಾನಿ ಹೇಗೆಲನ ಮಗನಾದ ಕಾರ್ಲ್ ಹೇಗೆಲನು 1847ರಲ್ಲಿ ಅದನ್ನು ಖಂಡಿಸಿದನು. ಇಂದು ಆ ವಿವಾದದ ಕಾವೆಲ್ಲ ಆರಿದೆ.

1899ರಲ್ಲಿ, ಇಪ್ಪತ್ತೈದರ ಆಸುಪಾಸಿನ ಗಯೆತಾನೊ ಸಾಲ್ವೇಮಿನಿ ಫ್ಲಾರೆನ್ಸಿನ ಮಹಾಕುಲೀನರನ್ನೂ ಸಾಮಾನ್ಯ ಪೌರರನ್ನೂ ಕುರಿತು ಪ್ರಕಟಿಸಿದ ಗ್ರಂಥದಿಂದ ಹೊಸ ಅಧ್ಯಾಯವೊಂದು ಮೊದಲಾಯಿತೆನ್ನಬೇಕು. ಬಲಿಷ್ಠ ಮನೆತನಗಳನ್ನು ಅಧಿಕಾರದಿಂದ ದೂರವಿಡಲು 1293ರಲ್ಲಿ ವಿಧಿಸಿದ ‘ನ್ಯಾಯಶಾಸನ’ಗಳ ಹಿಂದೆ, ಧಾನ್ಯ ಅಗ್ಗವಾಗಬೇಕೆನ್ನುವ ನಗರದ ಕಸುಬುದಾರರಿಗೂ ಅದು ದುಬಾರಿಯಾಗಬೇಕೆನ್ನುವ ಭೂಮಾಲಿಕರಿಗೂ ನಡೆದ ವರ್ಗಹೋರಾಟವನ್ನು ಅವನು ಕಂಡನು. ರಷ್ಯದಿಂದ ವಲಸೆ ಬಂದ ನಿಕೊಲಾ ಒಟ್ಟೊಕಾರನು 1926ರಲ್ಲಿ, ಅಧಿಕಾರದಲ್ಲಿದ್ದವರ ಹೆಸರುಗಳನ್ನು ಒಂದೊಂದಾಗಿ ಹಿಡಿದು ನೋಡಿ, ಈ ಎರಡು ಪಕ್ಷಗಳಲ್ಲಿಯೂ ಇದ್ದವರು ಬಹುಮಟ್ಟಿಗೆ ಒಂದೇ ಬಗೆಯ ಜನ, ಭೂಮಿಯೂ ವ್ಯಾಪಾರವೂ ಒಂದೇ ಮನೆಯಲ್ಲಿದ್ದುವು ಎಂದು ತೋರಿಸಿದನು. ಇವರಿಬ್ಬರಿಗಿಂತ ಹೆಚ್ಚು ಗಹನವಾದ ದೃಷ್ಟಿ, ಪೀಸಾ ನಗರದ ಸಂಸ್ಥೆಗಳನ್ನು 1902ರಲ್ಲಿ ಪರಿಶೀಲಿಸಿದ ಜೊವಾಕಿನೊ ವೋಲ್ಪೆಯದು. ವಿಧಿಯ ವೈಚಿತ್ರ್ಯವನ್ನು ನೋಡಿರಿ: ಸಾಲ್ವೇಮಿನಿ 1925ರಲ್ಲಿ ಸೆರೆಯನ್ನು ಕಂಡು, ದೇಶಭ್ರಷ್ಟನಾಗಿ, ಹಾರ್ವರ್ಡಿನಲ್ಲಿ ಪಾಠ ಹೇಳಿದನು, ವೋಲ್ಪೆ ಅದೇ ಫ್ಯಾಸಿಸ್ಟ್ ಪಕ್ಷದಿಂದ 1924ರಲ್ಲಿ ಶಾಸನಸಭೆಯನ್ನು ಸೇರಿದನು. ಗ್ರಂಥದ ಗುಣವನ್ನು ಗ್ರಂಥಕರ್ತನ ರಾಜಕೀಯದಿಂದ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಕಿಲ್ಲ.

ಏಕೆಂದರೆ ಪೌರಚರಿತ್ರೆಗೂ ಧರ್ಮಚರಿತ್ರೆಗೂ ನಡುವೆ ಎದ್ದಿದ್ದ ಗೋಡೆಯಲ್ಲಿ ಮೊದಲು ಬಾಗಿಲು ಕೊರೆದವನು ವೋಲ್ಪೆಯೇ. ಅವನಿಗೆ ಮುಂಚೆ, ಫ್ರಾನ್ಸಿನ ಪ್ರಾಟೆಸ್ಟಂಟ್ ಪಾದ್ರಿ ಪಾಲ್ ಸಬಾತ್ಯೇ ಬರೆದ ಅಸ್ಸೀಸಿಯ ಸಂತ ಫ್ರಾನ್ಸಿಸನ ಚರಿತ್ರೆಯು ಯೂರೋಪಿನಲ್ಲೆಲ್ಲ ಮನೆಮಾತಾಗಿ, 1894ರಲ್ಲಿ ರೋಮಿನ ನಿಷಿದ್ಧಗ್ರಂಥಗಳ ಪಟ್ಟಿಗೂ ಸೇರಿತ್ತು. ಆದರೆ ಅದು ಒಬ್ಬ ಮಹಾತ್ಮನ ಕಥೆ. ವೋಲ್ಪೆ 1922ರ ತನ್ನ ಗ್ರಂಥದಲ್ಲಿ ಪಾಷಂಡಪಂಥಗಳನ್ನು ನೇಕಾರರ ಕೇರಿಗೂ, ಬಿಷಪ್ಪನ ಆಸ್ತಿಗೆ ಪೌರರು ಒಡ್ಡಿದ ಪ್ರತಿಭಟನೆಗೂ ಸಂಬಂಧಿಸಿ ನೋಡಿದನು. ಹರ್ಬರ್ಟ್ ಗ್ರುಂಡ್ಮನ್ 1935ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚರ್ಚು ಸುಟ್ಟ ಪಾಷಂಡಿಗಳೂ ಅದೇ ಚರ್ಚು ಪೂಜಿಸಿದ ಭಿಕ್ಷುಗಳೂ ಒಂದೇ ತಾಯಿಯ ಮಕ್ಕಳು, ಅಪೋಸ್ತಲರಂತೆ ಬಡತನದಲ್ಲಿ ಬಾಳಬೇಕೆಂಬ ಒಂದೇ ಹಂಬಲದಿಂದ ಹುಟ್ಟಿದವರು ಎಂದು ಸ್ಥಾಪಿಸಿದನು. ಲೊಂಬಾರ್ದಿಯ ಉಣ್ಣೆಯ ಕಸುಬಿನವರಾದ ಹುಮಿಲಿಯಾತಿಗಳ ಗತಿಯೇ ಇದಕ್ಕೆ ಸಾಕ್ಷಿ: 1184ರಲ್ಲಿ ಪೋಪನಿಂದ ಬಹಿಷ್ಕೃತರಾದವರು 1201ರಲ್ಲಿ ಮೂರನೆಯ ಇನ್ನೊಸೆಂಟನಿಂದ ಅಂಗೀಕೃತರಾದರು, ಮುಂದೆ ಅವರ ಸೋದರರೂ ನಮ್ಮ ಊಗೋವಿನಂತೆ ನಗರಗಳ ಬೊಕ್ಕಸವನ್ನು ಕಾದರು.

ಈ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಸ್ತಕ ಆರ್ಸೇನಿಯೊ ಫ್ರುಗೋನಿ 1954ರಲ್ಲಿ ಪ್ರಕಟಿಸಿದ್ದು. ರೋಮನ್ನು ಪೋಪನ ವಿರುದ್ಧ ಎಬ್ಬಿಸಿ 1155ರಲ್ಲಿ ಮರಣದಂಡನೆಗೆ ಗುರಿಯಾಗಿ, ಬೂದಿಯೂ ಉಳಿಯದಂತೆ ಟೈಬರ್ ನದಿಯಲ್ಲಿ ಹರಿದುಹೋದ ಬ್ರೆಶಿಯಾದ ಅರ್ನಾಲ್ಡನನ್ನು ಕುರಿತ ಈ ಕೃತಿ, ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು, ಪ್ರತಿಯೊಬ್ಬನೂ ಕಂಡ ಅರ್ನಾಲ್ಡನು ಬೇರೆ ಬೇರೆಯೆಂದು ತೋರಿಸಿ, ಅವರ ಹೇಳಿಕೆಗಳ ಚೂರುಗಳನ್ನು ಅಂಟಿಸಿ ಒಂದು ಮೂರ್ತಿಯನ್ನು ಮಾಡುವುದಕ್ಕೆ ಖಂಡಿತವಾಗಿ ಒಪ್ಪುವುದಿಲ್ಲ. ಓದುಗನಿಗೆ ನಿರಾಶೆಯಾಗುತ್ತದೆ, ಆದರೆ ಅದು ಆರೋಗ್ಯಕರವಾದ ನಿರಾಶೆ.

ಮುರಾತೋರಿಯ ಕಡೆಯ ಪ್ರಬಂಧವು ಮತ್ತೆ ತೆರೆದುಕೊಂಡದ್ದು 1960ರಲ್ಲಿ. ಪೆರೂಜಾ ನಗರದಲ್ಲಿ 1260ರಲ್ಲಿ ಮೊದಲಾದ ಚಾವಟಿವ್ರತಿಗಳ ಆಂದೋಲನದ ಏಳುನೂರನೆಯ ವರ್ಷಕ್ಕೆ ಆ ಊರಿನಲ್ಲಿಯೇ ವಿದ್ವಾಂಸರು ನೆರೆದಾಗ. 1977ರಲ್ಲಿ ಮೇರ್ಸಮನ್ ಎಂಬ ಡೊಮಿನಿಕನ್ ಪಂಡಿತನು ಭಕ್ತಸಂಘಗಳ ನಿಯಮಾವಳಿಗಳನ್ನೆಲ್ಲ ಸಂಗ್ರಹಿಸಿ ಕೊಟ್ಟನು. ಇದರ ಫಲವನ್ನು 2005ರಲ್ಲಿ ಆಗಸ್ಟಿನ್ ಥಾಮ್ಸನ್ನರ ಗ್ರಂಥದಲ್ಲಿ ಕಾಣಬಹುದು. ನಗರವೇ ಒಂದು ಧಾರ್ಮಿಕ ವ್ಯಕ್ತಿ ಎಂಬುದು ಅವರ ಪ್ರಮೇಯ. ಫ್ಲಾರೆನ್ಸಿನಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ದೀಕ್ಷಾಸ್ನಾನವು ಸಂತ ಯೋಹಾನನ ಒಂದೇ ದೀಕ್ಷಾಮಂದಿರದಲ್ಲಿ, ಡಾಂಟೆಗೂ ಅಲ್ಲಿಯೇ. ಆ ಒಂದು ಸ್ನಾನದಿಂದ ಕೂಸು ಕ್ರೈಸ್ತನೂ ಆಗುತ್ತಿತ್ತು, ಪೌರನೂ ಆಗುತ್ತಿತ್ತು. ಯುದ್ಧಕ್ಕೆ ಹೊರಟ ಮಿಲಾನಿನವರು ಎತ್ತುಗಳನ್ನು ಹೂಡಿದ ರಥದ ಮೇಲೆ ಧ್ವಜವನ್ನೂ ಶಿಲುಬೆಯನ್ನೂ ಒಟ್ಟಿಗೆ ನಿಲ್ಲಿಸುತ್ತಿದ್ದರು. ಸ್ವತಃ ಡೊಮಿನಿಕನ್ನರಾದ ಗ್ರಂಥಕರ್ತರು ಪಾಷಂಡಿಗಳನ್ನು ಮೂಲೆಗೆ ಸರಿಸಿದ್ದಾರೆಂಬ ಆಕ್ಷೇಪಣೆಗೆ ಅವಕಾಶವುಂಟು, ಪ್ರಮೇಯವಂತೂ ನಿಲ್ಲುತ್ತದೆ.

ದೃಷ್ಟಿ ಹೀಗೆ ಬದಲಾದುದು ಸಿದ್ಧಾಂತಗಳ ಬಲದಿಂದ ಎನ್ನುವುದಕ್ಕಿಂತ, ಪತ್ರಾಗಾರದಲ್ಲಿ ಮೇಲಿನ ಕಪಾಟಿನಿಂದ ಕೆಳಗಿನ ಕಪಾಟಿಗೆ ಕೈ ಇಳಿದುದರಿಂದ ಎಂಬುದು ನನ್ನ ಅಭಿಪ್ರಾಯ. ವೃತ್ತಾಂತಗಳು ಮುಗಿದ ಮೇಲೆ ನಗರಶಾಸನಗಳು. ಅವು ಮುಗಿದ ಮೇಲೆ, ಜಿನೋವಾದಲ್ಲಿ 1154ರಷ್ಟು ಹಿಂದಿನಿಂದ ಉಳಿದುಬಂದಿರುವ ನೋಟರಿಗಳ ದಾಖಲೆಪುಸ್ತಕಗಳು. ಪ್ರಾತೊ ಪಟ್ಟಣದ ವರ್ತಕ ಫ್ರಾಂಚೆಸ್ಕೊ ದಾತೀನಿ, ಲೆಕ್ಕದ ಪುಸ್ತಕದ ತಲೆಯಲ್ಲಿ ದೇವರ ಹೆಸರನ್ನೂ ಲಾಭದ ಹೆಸರನ್ನೂ ಒಂದೇ ಉಸಿರಿನಲ್ಲಿ ಬರೆಯುತ್ತಿದ್ದವನು, 1410ರಲ್ಲಿ ಸಾಯುವಾಗ ಆಸ್ತಿಯನ್ನು ಊರಿನ ಬಡವರಿಗೆ ಬಿಟ್ಟುಹೋದನು; ಆ ದತ್ತಿಯ ಮನೆಯಲ್ಲಿಯೇ ಉಳಿದ ಅವನ ಒಂದೂವರೆ ಲಕ್ಷದಷ್ಟು ಪತ್ರಗಳು 1870ರಲ್ಲಿ ಬೆಳಕಿಗೆ ಬಂದುವು. 1427ರ ಫ್ಲಾರೆನ್ಸಿನ ತೆರಿಗೆಪಟ್ಟಿಯ ಸುಮಾರು ಅರವತ್ತು ಸಾವಿರ ಕುಟುಂಬಗಳನ್ನು ಹರ್ಲಿಹಿ ಮತ್ತು ಕ್ಲಾಪಿಶ್-ಜುಬೆರ್ ಗಣಕಯಂತ್ರದ ನೆರವಿನಿಂದ ಎಣಿಸಿ 1978ರಲ್ಲಿ ಮುಂದಿಟ್ಟಾಗ, ಸಿಸ್ಮೊಂದಿಯ ವೀರರು ಮನೆಮಠ, ವರದಕ್ಷಿಣೆ, ಸಾಲಸೋಲಗಳುಳ್ಳ ಮನುಷ್ಯರಾದರು. 2015ರಲ್ಲಿ ಕ್ರಿಸ್ ವಿಕ್ಹ್ಯಾಮ್ ಮಿಲಾನ್, ಪೀಸಾ, ರೋಮ್‌ಗಳನ್ನು ಹೋಲಿಸಿ, ಕಮ್ಯೂನನ್ನು ಸ್ಥಾಪಿಸಿದವರು ತಾವೇನನ್ನು ಸ್ಥಾಪಿಸುತ್ತಿದ್ದೇವೆಂಬ ಅರಿವಿಲ್ಲದೆ, ನಿದ್ದೆಯಲ್ಲಿ ನಡೆವವರಂತೆ ಹೊಸ ಲೋಕವನ್ನು ಹೊಕ್ಕರೆಂದರು.

ಇಷ್ಟೆಲ್ಲವೂ ಬಹುಪಾಲು ಉತ್ತರ ಮತ್ತು ಮಧ್ಯ ಇಟಲಿಯ ಮಾತು. ದಕ್ಷಿಣದ ರಾಜ್ಯವು ಈ ಸಮೀಕ್ಷೆಯಲ್ಲಿ ಹಿಂದುಳಿಯುವುದಕ್ಕೆ ವಿದ್ವಾಂಸರ ಪಕ್ಷಪಾತವೊಂದೇ ಕಾರಣವಲ್ಲ. ನೇಪಲ್ಸಿನ ಆಂಜೂ ಅರಸರ ಆಡಳಿತದ ದಾಖಲೆಪುಸ್ತಕಗಳನ್ನು ಯುದ್ಧಕಾಲದಲ್ಲಿ ಸುರಕ್ಷಿತವಾಗಿರಲೆಂದು ಹಳ್ಳಿಗಾಡಿನ ಒಂದು ಬಂಗಲೆಗೆ ಸಾಗಿಸಿದ್ದರು. 1943ರ ಸೆಪ್ಟೆಂಬರ್ 30ರಂದು ಜರ್ಮನ್ ಸೈನಿಕರು ಆ ಬಂಗಲೆಗೆ ಬೆಂಕಿಯಿಟ್ಟರು. ಹಿಂದಿನ ವಿದ್ವಾಂಸರು ಮಾಡಿಕೊಂಡಿದ್ದ ನಕಲುಗಳನ್ನೂ ಟಿಪ್ಪಣಿಗಳನ್ನೂ ಹುಡುಕಿ ತಂದು, ಸುಟ್ಟ ಪುಸ್ತಕಗಳನ್ನು ಹಾಳೆ ಹಾಳೆಯಾಗಿ ಮತ್ತೆ ಕಟ್ಟುವ ಕೆಲಸಕ್ಕೆ ಪತ್ರಾಗಾರದ ಅಧ್ಯಕ್ಷ ರಿಕ್ಕಾರ್ದೊ ಫಿಲಾಂಜಿಯೇರಿ ಕೈಹಾಕಿದನು. ಅದರ ಮೊದಲ ಸಂಪುಟ 1950ರಲ್ಲಿ ಹೊರಬಂದಿತು.